ಆಲೆಮನೆಯ ಪಂಚಾಂಗ

ಮಧುಮೇಹಕ್ಕೆ ನಮ್ಮಲ್ಲಿ ಸಕ್ಕರೆ ಕಾಯಿಲೆ ಎಂದು ಹೆಸರು. ಬೆಲ್ಲದ ಕಾಯಿಲೆ ಎಂದು ಯಾರೂ ಅಂದಿಲ್ಲ. ಹೆಸರಿನ ಈ ಸಣ್ಣ ಪಕ್ಷಪಾತ ಬೆಲ್ಲಕ್ಕೆ ದೊಡ್ಡ ಉಪಕಾರ ಮಾಡಿದೆ. ಸಕ್ಕರೆ ಕಾರ್ಖಾನೆಯದು, ಬೆಳ್ಳಗಿನದು, ಆದ್ದರಿಂದ ವಿಷ. ಬೆಲ್ಲ ಆಲೆಮನೆಯದು, ಕಂದುಬಣ್ಣದ್ದು, ಅಜ್ಜಿಯ ಕಾಲದ್ದು, ಆದ್ದರಿಂದ ನಿರಪರಾಧಿ. ಈ ತೀರ್ಪು ಎಷ್ಟು ಗಟ್ಟಿಯಾಗಿ ಬೇರೂರಿದೆಯೆಂದರೆ, ಕಾಫಿಗೆ ಸಕ್ಕರೆ ಬಿಟ್ಟು ಬೆಲ್ಲ ಹಾಕಿಕೊಂಡವರು ಪಥ್ಯ ಮಾಡಿದ ಸಮಾಧಾನದಲ್ಲಿ ಇನ್ನೊಂದು ಲೋಟ ಕುಡಿಯುತ್ತಾರೆ. ಮಂಡ್ಯ ಸೀಮೆಯ ಕಬ್ಬಿನ ಚರಿತ್ರೆಯನ್ನು ದೇಹದೊಳಗಿನ ಲೆಕ್ಕಾಚಾರದ ಜೊತೆಗಿಟ್ಟು ಓದಿದರೆ ಬೇರೆಯೇ ಸಂಗತಿ ಕಾಣುತ್ತದೆ. ಹಿಂದಿನವರನ್ನು ಕಾಪಾಡಿದ್ದು ಬೆಲ್ಲದ ಗುಣವಲ್ಲ, ಬೆಲ್ಲದ ಅಭಾವ.

ಮೊದಲು ಹೊಟ್ಟೆಯೊಳಗಿನ ವ್ಯವಹಾರ. ಬೆಲ್ಲದ ತೂಕದಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಸುಕ್ರೋಸ್, ಅಂದರೆ ಸಕ್ಕರೆಯೇ. ಉಳಿದದ್ದರಲ್ಲಿ ಆಗಲೇ ಒಡೆದುಹೋದ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಒಂದಷ್ಟು, ಸ್ವಲ್ಪ ತೇವ, ಚಿಟಿಕೆಯಷ್ಟು ಖನಿಜ. ಸಣ್ಣ ಕರುಳಿನ ಗೋಡೆಯಲ್ಲಿರುವ ಕಿಣ್ವ ಸುಕ್ರೋಸನ್ನು ಎರಡಾಗಿ ಸೀಳುತ್ತದೆ. ನೀನು ಕೊಪ್ಪರಿಗೆಯಿಂದ ಬಂದೆಯೋ ಕಾರ್ಖಾನೆಯ ಚೀಲದಿಂದಲೋ ಎಂದು ವಿಚಾರಿಸುವ ಪದ್ಧತಿ ಅದಕ್ಕಿಲ್ಲ. ಗ್ಲೂಕೋಸ್ ರಕ್ತಕ್ಕಿಳಿದೊಡನೆ ಮೇದೋಜೀರಕ ಗ್ರಂಥಿ ಇನ್ಸುಲಿನ್ ಸುರಿಸುತ್ತದೆ, ಸ್ನಾಯುಗಳು ಬಾಗಿಲು ತೆರೆಯುತ್ತವೆ. ಫ್ರಕ್ಟೋಸಿನ ಬಹುಪಾಲು ಯಕೃತ್ತಿನ ತಲೆಗೆ ಬೀಳುತ್ತದೆ. ಯಕೃತ್ತು ಸಕ್ಕರೆಯನ್ನು ಕೂಡಿಡುವುದು ಗ್ಲೈಕೋಜನ್ ಎಂಬ ರೂಪದಲ್ಲಿ. ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ 1857ರಲ್ಲಿ ಅದನ್ನು ಬೇರ್ಪಡಿಸಿ ತೋರಿಸಿದ. ಆದರೆ ಈ ಕಣಜ ಬಲು ಚಿಕ್ಕದು. ಯಕೃತ್ತಿನಲ್ಲಿ ಸುಮಾರು 100 ಗ್ರಾಂ, ಮೈಯ ಸ್ನಾಯುಗಳೆಲ್ಲ ಸೇರಿ ಸುಮಾರು 400 ಗ್ರಾಂ ಹಿಡಿದರೆ ಹೆಚ್ಚು. ಕೊಬ್ಬಿನ ಉಗ್ರಾಣಕ್ಕೆ ಇಂಥ ಅಳತೆಯ ಗೋಡೆಯಿಲ್ಲ. ತುಪ್ಪ, ಎಣ್ಣೆಗಳು ಪಿತ್ತರಸದಲ್ಲಿ ಸಣ್ಣ ಹನಿಗಳಾಗಿ, ಮೇದೋಜೀರಕದ ರಸದಿಂದ ಒಡೆದು, ಕರುಳಿನ ಗೋಡೆ ದಾಟಿದ ಮೇಲೆ ಮತ್ತೆ ಕೊಬ್ಬಾಗಿ ಕೂಡಿಕೊಂಡು, ದುಗ್ಧರಸ ನಾಳಗಳ ಸುತ್ತುದಾರಿ ಹಿಡಿದು ರಕ್ತ ಸೇರುತ್ತವೆ. ಅಲ್ಲಿ ಇನ್ಸುಲಿನ್ನಿಗೆ ಇನ್ನೊಂದು ಕೆಲಸ ಕಾದಿರುತ್ತದೆ. ಹೊಸದಾಗಿ ಬಂದ ಜಿಡ್ಡನ್ನು ಉಗ್ರಾಣಕ್ಕೆ ಸೇರಿಸಿ, ಹಳೆಯ ಜಿಡ್ಡು ಹೊರಬರದಂತೆ ಬೀಗ ಹಾಕುವುದು ಅದೇ. ಸಿಹಿಯೂ ಜಿಡ್ಡೂ ಜೊತೆಯಾಗಿ ಬಂದರೆ ದೇಹ ಸಿಹಿಯನ್ನು ಖರ್ಚಿಗೆ ಹಿಡಿದು ಜಿಡ್ಡನ್ನು ಕೂಡಿಡುತ್ತದೆ.

ನಮ್ಮ ಹಬ್ಬಗಳು ಈ ಜೋಡಿಯನ್ನು ಚೆನ್ನಾಗಿಯೇ ಗುರುತಿಸಿಕೊಂಡಿವೆ. ಸಂಕ್ರಾಂತಿಯ ಎಳ್ಳುಬೆಲ್ಲದಲ್ಲಿ ಎಳ್ಳಿನ ತೂಕದ ಅರ್ಧ ಎಣ್ಣೆ, ಕೊಬ್ಬರಿಯಲ್ಲಿ ಅದಕ್ಕೂ ಹೆಚ್ಚು. ಯುಗಾದಿಯ ಹೋಳಿಗೆಯ ಮೇಲೆ ತುಪ್ಪ ಬೀಳದಿದ್ದರೆ ಹಬ್ಬವೇ ಆಗದು. ಮುದ್ದೆ, ಸೊಪ್ಪಿನ ಸಾರಿನಲ್ಲಿ ತಿಂಗಳು ಕಳೆದು ಗದ್ದೆಯಲ್ಲಿ ದುಡಿದ ಮೈಗೆ ಹೀಗೆ ಕೂಡಿಟ್ಟುಕೊಳ್ಳುವುದು ನಷ್ಟವಲ್ಲ, ಉಳಿತಾಯ. ಸೊಕ್ಕಿದವನನ್ನು ‘ಕೊಬ್ಬಿದ್ದಾನೆ’ ಎಂದು ಬೈಯುವ ಭಾಷೆ ನಮ್ಮದು. ಕೊಬ್ಬು ಉಳ್ಳವನ ಮೈಮೇಲಷ್ಟೇ ಕಾಣುತ್ತಿದ್ದ ಕಾಲದ ಬೈಗುಳ ಅದು.

ಆ ಕಾಲದಲ್ಲಿ ಸಿಹಿ ಎಷ್ಟು ದುಬಾರಿಯಾಗಿತ್ತು ಎಂಬುದಕ್ಕೆ ಸಾಕ್ಷಿ ಬೇಕಾದಷ್ಟಿದೆ. ಕಬ್ಬು ವರ್ಷದ ಬೆಳೆ, ನೀರು ತಪ್ಪಕೂಡದು, ಹಾಗಾಗಿ ಕೆರೆಯ ಕೆಳಗೋ ನದಿಯ ನಾಲೆಯ ಬದಿಗೋ ತರಿ ಜಮೀನು ಉಳ್ಳವನಿಗೆ ಮಾತ್ರ ದಕ್ಕುವಂಥದ್ದು. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ರಸ್ತಾಳಿ, ಪಟ್ಟಾಪಟ್ಟಿ ಎಂಬ ಕಬ್ಬುಗಳನ್ನು ಹೆಸರು ಹಿಡಿದು ವಿವರಿಸಿದ್ದಾನೆ. ಅವನ ಕಣ್ಣಿಗೆ ಅವು ನೀರಾವರಿಯ ಬೆಳೆಗಳು. ಬಯಲಿನ ಉದ್ದಕ್ಕೂ ಕಂಡದ್ದು ರಾಗಿ. ಕಬ್ಬು ಕಡಿದ ಮೇಲಿನ ದುಡಿಮೆ ಇನ್ನೊಂದು ತೂಕದ್ದು. ಎತ್ತು ಕಟ್ಟಿದ ಗಾಣ, ಮಲೆನಾಡಿನ ಕಡೆ ಕೋಣ ಕಟ್ಟಿದ ಗಾಣ, ಹಗಲಿರುಳು ತಿರುಗಬೇಕು. ಕಬ್ಬಿನ ಹಾಲನ್ನು ಕೊಪ್ಪರಿಗೆಯಲ್ಲಿ ಗಂಟೆಗಟ್ಟಲೆ ಕಾಯಿಸಬೇಕು. ಸುಣ್ಣ ಬಿಟ್ಟು, ಬೆಂಡೆಗಿಡದ ಲೋಳೆ ಹಾಕಿ ಕೊಳೆ ತೆಗೆಯಬೇಕು. ಪಾಕದ ಹದ ತಪ್ಪಿತೋ ಅಚ್ಚು ಹಿಡಿಯುವುದಿಲ್ಲ. ಇಷ್ಟೆಲ್ಲ ಮಾಡಿದರೆ ನೂರು ಕಿಲೋ ಕಬ್ಬಿಗೆ ಹತ್ತು ಹನ್ನೆರಡು ಕಿಲೋ ಬೆಲ್ಲ. ಜಿಡ್ಡಿನ ಕಥೆಯೂ ಬೇರೆಯಲ್ಲ. ನಮ್ಮ ಶಾಸನಗಳಲ್ಲಿ ಗಾಣದ ಎಣ್ಣೆಯ ಮಾತು ಬರುವುದು ಬಹುಮಟ್ಟಿಗೆ ದೇವರ ನಂದಾದೀವಿಗೆಗೆ ಬಿಟ್ಟ ದತ್ತಿಯಾಗಿ. ಅಡುಗೆಯ ಎಣ್ಣೆಯನ್ನು ಶಾಸನ ಹೇಳಬೇಕಾಗಿಲ್ಲ, ನಿಜ. ಆದರೂ ದೀಪಕ್ಕೆ ಇಷ್ಟು ಮಾನ ಎಂದು ಕಲ್ಲಿನಲ್ಲಿ ಕೊರೆಸುವಷ್ಟು ಎಣ್ಣೆಗೆ ಬೆಲೆಯಿತ್ತು. 16ನೆಯ ಶತಮಾನದ ಆರಂಭದ ಮಂಗರಸನ ‘ಸೂಪಶಾಸ್ತ್ರ’ದಲ್ಲಿ ಭಕ್ಷ್ಯಗಳಿಗೂ ಪಾನಕಗಳಿಗೂ ಬೇರೆ ಬೇರೆ ಅಧ್ಯಾಯಗಳಿವೆ ಎಂದು ಯಾರಾದರೂ ನೆನಪಿಸಬಹುದು. ಆದರೆ ಅದು ಅರಸು ಮನೆತನದವನು ಬರೆದ ಪಾಕಗ್ರಂಥ. ಒಕ್ಕಲಿನ ಒಲೆಯ ಲೆಕ್ಕ ಅದರಲ್ಲಿ ಸಿಗದು.

ಉಳ್ಳವರ ಅಡುಗೆಮನೆಯ ಫಲವನ್ನು ವೈದ್ಯರು ಬಹಳ ಹಿಂದೆಯೇ ಕಂಡಿದ್ದರು. ಪ್ರಮೇಹಕ್ಕೆ, ಅಂದರೆ ಸಿಹಿಮೂತ್ರವೂ ಸೇರಿದ ಮೂತ್ರರೋಗಗಳಿಗೆ, ಕಾರಣಗಳನ್ನು ಹೇಳುವಾಗ ‘ಚರಕಸಂಹಿತೆ’ ಸುಖವಾಗಿ ಕೂರುವುದನ್ನು, ಸುಖವಾಗಿ ನಿದ್ದೆ ಮಾಡುವುದನ್ನು, ಮೊಸರನ್ನು, ಹೊಸ ಧಾನ್ಯವನ್ನು ಹೆಸರಿಸುತ್ತದೆ, ಅವುಗಳ ಸಾಲಿನಲ್ಲೇ ಬೆಲ್ಲದಿಂದ ಮಾಡಿದ ತಿನಿಸುಗಳನ್ನೂ ಸೇರಿಸುತ್ತದೆ. ಬೆಲ್ಲದ ಪರವಾಗಿ ಆಯುರ್ವೇದವನ್ನು ಸಾಕ್ಷಿಗೆ ಕರೆಯುವವರು ಈ ಪುಟವನ್ನು ಮಾತ್ರ ಮಗುಚಿಹಾಕುತ್ತಾರೆ. ಕಾರ್ಖಾನೆಯೆಂಬುದು ಕನಸಿನಲ್ಲೂ ಇಲ್ಲದ ಕಾಲಕ್ಕೆ ಸಿಹಿಮೂತ್ರದ ರೋಗ ಇತ್ತು. ಅದು ಹಿಡಿದದ್ದು ಕೂತು ಉಣ್ಣುವವರನ್ನು.

ಎಲ್ಲರೂ ಉಣ್ಣುವಂತಾದದ್ದು ಕಾವೇರಿಯ ನೀರಿನಿಂದ. ಕನ್ನಂಬಾಡಿ ಕಟ್ಟೆ ಕಟ್ಟಿ, 1930ರ ದಶಕದ ಹೊತ್ತಿಗೆ ಇರ್ವಿನ್ ನಾಲೆ (ಮುಂದೆ ಅದೇ ವಿಶ್ವೇಶ್ವರಯ್ಯ ನಾಲೆ) ಮಂಡ್ಯದ ಒಣ ಬಯಲಿಗೆ ಹರಿದಾಗ, ಬಂದ ನೀರಿಗೆ ತಕ್ಕ ಬೆಳೆ ಯಾವುದು ಎಂಬ ಪ್ರಶ್ನೆ ಎದ್ದಿತು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯನ್ನು ಕಟ್ಟಿ ಬೆಳೆಸಿದ ಕೆನಡಾದ ಲೆಸ್ಲಿ ಕೋಲ್ಮನ್ ಅದಕ್ಕೆ ಕೊಟ್ಟ ಉತ್ತರ ಕಬ್ಬು. 1932ರಲ್ಲಿ ಬ್ರಿಟಿಷ್ ಇಂಡಿಯಾದ ಕಾನೂನು ಹೊರದೇಶದ, ಮುಖ್ಯವಾಗಿ ಜಾವಾದ, ಸಕ್ಕರೆಯ ಮೇಲೆ ಭಾರಿ ಸುಂಕ ಹೇರಿತು. ಒಳನಾಡಿನಲ್ಲಿ ಸಕ್ಕರೆ ಮಾಡುವುದು ಲಾಭದ ದಂಧೆಯಾಯಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಗೊಂಡಿತು. ಕೊಯಮತ್ತೂರಿನ ಕಬ್ಬು ತಳಿ ಸಂಸ್ಥೆಯ ಹೊಸ ತಳಿಗಳು ರಸ್ತಾಳಿ, ಪಟ್ಟಾಪಟ್ಟಿಗಳನ್ನು ಮೂಲೆಗೆ ತಳ್ಳಿದವು. ಕಾರ್ಖಾನೆ ಬಂದು ಆಲೆಮನೆ ಸತ್ತಿತು ಎಂದು ಹೇಳುವುದು ರೂಢಿ. ಮಂಡ್ಯದ ಮಟ್ಟಿಗೆ ಅದು ಸುಳ್ಳು. ಕಾರ್ಖಾನೆ ಒಪ್ಪಂದದ ಮೇಲೆ ಕೊಳ್ಳುತ್ತಿದ್ದದ್ದು ಒಂದಷ್ಟು ಕಬ್ಬನ್ನು ಮಾತ್ರ. ಮಿಕ್ಕದ್ದು ಆಲೆಮನೆಗೆ ಹೋಗುತ್ತಿತ್ತು. ಎತ್ತಿನ ಜಾಗಕ್ಕೆ ಎಂಜಿನ್ ಬಂದಿತು. ಒಂದೇ ನಾಲೆಯ ನೀರು ಸಕ್ಕರೆಯನ್ನೂ ಬೆಲ್ಲವನ್ನೂ ಒಟ್ಟಿಗೇ ಅಗ್ಗ ಮಾಡಿತು, ಜೊತೆಗೆ ಭತ್ತ ಬೆಳೆಸಿ ಮುದ್ದೆಯ ತಟ್ಟೆಗೆ ಅನ್ನವನ್ನೂ ತಂದಿತು. ಹಬ್ಬದಿಂದ ಹಬ್ಬಕ್ಕೆ ಕಾಯುತ್ತಿದ್ದ ಸಿಹಿ ದಿನಕ್ಕೆರಡು ಸಲದ ಕಾಫಿ, ಟೀ ಲೋಟದೊಳಗೆ ಸೇರಿಕೊಂಡಿತು.

ಹಿಂದಿನವರನ್ನು ಕಾಪಾಡಿದ್ದು ಅಭಾವ ಎಂಬ ಮಾತಿಗೆ ಆಕ್ಷೇಪಗಳಿವೆ. ಬೆಲ್ಲವನ್ನು ಗಡಿಗೆಯಲ್ಲಿ ತುಂಬಿ ವರ್ಷವಿಡೀ ಇಡುತ್ತಿದ್ದರಲ್ಲ, ಹಬ್ಬಕ್ಕಷ್ಟೇ ಎನ್ನುವುದು ಹೇಗೆ? ಇಡುತ್ತಿದ್ದರು, ಇಡಬಲ್ಲವರು. ಮಳೆಗಾಲದಲ್ಲಿ ತೇವ ಎಳೆದು ನೀರೊಡೆಯುವ ಬೆಲ್ಲವನ್ನು ಕಾಪಾಡುವುದೂ ಒಂದು ಕೆಲಸ. ಆಲೆಯಾಡಿಸಿದವನಿಗೇ ಅದು ಮೊದಲು ಸಂತೆಯ ಸರಕು, ಆಮೇಲೆ ಮನೆಯ ತಿನಿಸು. ಬೆಲ್ಲದಲ್ಲಿ ಕಬ್ಬಿಣಾಂಶವಿದೆ ಎಂಬುದು ಎರಡನೆಯ ಮಾತು, ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಮಾತು. ಇದೆ, ಅದರಲ್ಲಿ ಒಂದು ಪಾಲು ಕಬ್ಬಿಣದ ಕೊಪ್ಪರಿಗೆಯದೇ ಉಪಕಾರ. ಆದರೆ ದಿನದ ಅಗತ್ಯವನ್ನು ಬೆಲ್ಲದಿಂದಲೇ ತುಂಬಿಸಲು ಹೊರಟರೆ ನೂರಾರು ಗ್ರಾಂ ತಿನ್ನಬೇಕಾದೀತು. ಬೆರೆಸಿಕೊಳ್ಳುವ ಸಿಹಿಗೆ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹಾಕಿದ ಗೆರೆ ದಿನದ ಒಟ್ಟು ಶಕ್ತಿಯ ನೂರಕ್ಕೆ 10 ಪಾಲಿಗಿಂತ ಕಡಿಮೆ, ಅಂದರೆ ಸುಮಾರು 50 ಗ್ರಾಂ. ಸಾಧ್ಯವಾದರೆ ಅದರ ಅರ್ಧ. ಜೇನುತುಪ್ಪವನ್ನೂ ಹಣ್ಣಿನ ರಸವನ್ನೂ ಆ ಲೆಕ್ಕದಿಂದ ಹೊರಗಿಡದವರು ಬೆಲ್ಲವನ್ನು ಬಿಟ್ಟಾರೆಯೇ? ಮೂರನೆಯ ಆಕ್ಷೇಪ ಅಜ್ಜಂದಿರದು: ಬೆಲ್ಲ ತಿಂದೇ ನೂರು ವರ್ಷ ಬಾಳಿದರು ಎಂಬುದು. 1930ರ ದಶಕದ ಭಾರತದಲ್ಲಿ ಸರಾಸರಿ ಆಯುಸ್ಸು 32 ವರ್ಷದ ಸುಮಾರು. ಹಸುಗೂಸುಗಳ ಸಾವು, ಪ್ಲೇಗು, ಮಲೇರಿಯಾ ಸೇರಿದ ಸರಾಸರಿ ಅದು, ಒಪ್ಪಬೇಕು. ಆದರೂ ತೊಂಬತ್ತು ದಾಟಿದ ಅಜ್ಜನನ್ನು ನಾವು ಕಂಡಿರುತ್ತೇವೆ, ದಾಟದೆ ಹೋದವರನ್ನು ಕಂಡಿರುವುದಿಲ್ಲ.

ಸಕ್ಕರೆಯೊಂದೇ ಮಧುಮೇಹ ತಂದಿತು ಎನ್ನುವುದೂ ಅತಿ. ಪಾಲಿಶ್ ಮಾಡಿದ ಅಕ್ಕಿಯ ಅನ್ನವೂ ಕರುಳಿನಲ್ಲಿ ಗ್ಲೂಕೋಸೇ ಆಗುತ್ತದೆ. ಗದ್ದೆಯ ಕೆಲಸ ಟ್ರ್ಯಾಕ್ಟರಿಗೆ ಹೋದಾಗ ಅದನ್ನು ಸುಡುವ ಸ್ನಾಯುವಿಗೂ ಬಿಡುವಾಯಿತು. ವಂಶದಿಂದ ಬಂದದ್ದಂತೂ ಇದ್ದೇ ಇದೆ. ಬೆಲ್ಲಕ್ಕೆ ಆ ಸರಪಣಿಯ ಹೊರಗೆ ನಿಲ್ಲುವ ಹಕ್ಕಿಲ್ಲ, ನನ್ನ ವಾದ ಇಷ್ಟೇ. ಮಾರುಕಟ್ಟೆಗೆ ಇದು ಗೊತ್ತಿರುವಂತಿದೆ. ಕೊಳ್ಳುವವರಿಗೆ ಹೊಂಬಣ್ಣದ ಬೆಲ್ಲವೇ ಬೇಕು. ಅದಕ್ಕಾಗಿ ಕೊಪ್ಪರಿಗೆಗೆ ರಾಸಾಯನಿಕ ಸುರಿಯುವುದು ಹಳೆಯ ಮಾತಾಯಿತು. ಸಕ್ಕರೆಯ ಬೆಲೆ ಬೆಲ್ಲದ ಬೆಲೆಗಿಂತ ಕೆಳಗಿಳಿದಾಗ ಚೀಲಗಟ್ಟಲೆ ಸಕ್ಕರೆಯನ್ನೇ ಪಾಕಕ್ಕೆ ಬೆರೆಸಿ ಅಚ್ಚು ಹಾಕುತ್ತಾರೆ ಎಂಬ ದೂರು ಮಂಡ್ಯದ ಕಡೆ ವರ್ಷಗಳಿಂದ ಕೇಳಿಬರುತ್ತಿದೆ. ಹಾಗೆ ಬಂದ ಅಚ್ಚನ್ನು ಆರೋಗ್ಯಕ್ಕೆಂದು ಹೆಚ್ಚು ದುಡ್ಡು ಕೊಟ್ಟು ಕೊಂಡವನಿಗೆ ಮೋಸವಾದದ್ದು ತಿಳಿಯುವುದಿಲ್ಲ, ಅವನ ಕರುಳಿಗೂ ತಿಳಿಯುವುದಿಲ್ಲ.