ಧಾರವಾಡದ ಎಳೆ, ಪೀಣ್ಯದ ಸೂಜಿ

ಬೆಂಗಳೂರಿನ ಹೊರವಲಯದ ಪೀಣ್ಯ ಕೈಗಾರಿಕಾ ವಸಾಹತಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿಯೂ ಅವುಗಳನ್ನು ಆಶ್ರಯಿಸಿ ಓಣಿಗಳಲ್ಲಿ ನಡೆಯುವ ಸಣ್ಣ ಘಟಕಗಳಲ್ಲಿಯೂ ಇಂದು ಕಂಪ್ಯೂಟರ್ ಎಂಬ್ರಾಯಿಡರಿಯ ಯಂತ್ರಗಳು ದುಡಿಯುತ್ತಿವೆ. ಒಂದೇ ಸಾಲಿನಲ್ಲಿ ಹಲವು ತಲೆಗಳು, ತಲೆಯೊಂದಕ್ಕೆ ಬಣ್ಣಬಣ್ಣದ ದಾರ ಪೋಣಿಸಿದ ಹಲವು ಸೂಜಿಗಳು. ಪಂಚಿಂಗ್ ಮಾಡುವವನು, ಎಂದರೆ ಚಿತ್ರವನ್ನು ಯಂತ್ರಕ್ಕೆ ತಿಳಿಯುವ ಹೊಲಿಗೆಗಳಾಗಿ ಮಾರ್ಪಡಿಸುವವನು, ಒಮ್ಮೆ ಸಿದ್ಧಪಡಿಸಿದ ವಿನ್ಯಾಸವನ್ನು ಅವೆಲ್ಲವೂ ಏಕಕಾಲದಲ್ಲಿ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ, ಫ್ರೇಮಿಗೆ ಬಿಗಿದ ಬಟ್ಟೆಯ ಮೇಲೆ ಮೂಡಿಸುವುವು. ಧಾರವಾಡದ ಕಸೂತಿಯ ಗೋಪುರ, ತೇರು, ನವಿಲುಗಳನ್ನು ಇಂತಹ ಯಂತ್ರಗಳಿಂದ ತೆಗೆಸಿ ಸೀರೆ ಕುಪ್ಪಸಗಳಲ್ಲಿ ಮಾರುವ ವಾಡಿಕೆಯೂ ಈಚೆಗೆ ಬೆಳೆದಿದೆ. ಮೇಲ್ನೋಟಕ್ಕೆ ಅವು ಸೊಗಸಾಗಿಯೇ ಇರುವುವು. ಬಟ್ಟೆಯನ್ನು ಮಗುಚಿದಾಗ ಬಾಬಿನ್ನಿನ ಬಿಳಿಯ ದಾರವೂ, ಒಂದು ಚಿತ್ರದಿಂದ ಇನ್ನೊಂದಕ್ಕೆ ಹಾರಿದ ಎಳೆಗಳೂ, ಹರಿದು ತೆಗೆದರೂ ಉಳಿದುಕೊಂಡ ಬ್ಯಾಕಿಂಗ್ ಕಾಗದದ ಚೂರುಗಳೂ ಕಾಣಬರುತ್ತವೆ.

ಧಾರವಾಡ, ವಿಜಾಪುರ, ಬೆಳಗಾವಿ ಪ್ರಾಂತಗಳ ಗೃಹಿಣಿಯರು ಇಳಕಲ್ಲ ಸೀರೆಯ ಮೇಲೆ ತೆಗೆಯುತ್ತಿದ್ದ ಕಸೂತಿಯ ಹಾದಿಯೇ ಬೇರೆ. ಅದರಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂತಿ ಎಂದು ನಾಲ್ಕು ಬಗೆಯ ಹೊಲಿಗೆಗಳುಂಟು. ಗವಂತಿಯನ್ನು ತೆಗೆಯುವವಳು ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವುದಿಲ್ಲ, ದಾರಕ್ಕೆ ಗಂಟು ಹಾಕುವುದಿಲ್ಲ; ನೆಯ್ಗೆಯ ಎಳೆಗಳನ್ನು ಎಣಿಸುತ್ತ, ಒಂದು ಹೊಲಿಗೆ ಹಾಕಿ ಒಂದರ ಎಡೆಯನ್ನು ಬಿಡುತ್ತ ಮುಂದೆ ಸಾಗುವಳು; ಕವಲುಗಳಿದ್ದೆಡೆ ಅವುಗಳ ತುದಿಯವರೆಗೆ ಹೋಗಿ ಹಿಂದಿರುಗಿ, ಕಡೆಗೆ ಅದೇ ದಾರದಿಂದ ಬಂದ ದಾರಿಯಲ್ಲಿಯೇ ಮರಳುವಾಗ ಬಿಟ್ಟ ಎಡೆಗಳನ್ನೆಲ್ಲ ತುಂಬುವಳು. ಮೊದಲ ಹೊಲಿಗೆಯನ್ನು ಹಾಕುವ ಮುನ್ನವೇ ಕೊನೆಯ ಹೊಲಿಗೆ ಎಲ್ಲಿಗೆ ಬಂದು ಸೇರಬೇಕೆಂಬುದು ಆಕೆಯ ಮನಸ್ಸಿನಲ್ಲಿ ನಿಶ್ಚಿತವಾಗಿರಬೇಕು. ಒಂದೆಳೆ ತಪ್ಪಿ ಎಣಿಸಿದರೂ ಗೋಪುರದ ಎರಡು ಪಾರ್ಶ್ವಗಳು ಕೂಡಲಾರವು. ಇಷ್ಟು ಶ್ರಮದ ಫಲವೆಂದರೆ ಬಟ್ಟೆಯ ಉಭಯ ಮುಖಗಳಲ್ಲಿಯೂ ಚಿತ್ರ ಒಂದೇ ಆಗಿರುವುದು. ಅಕ್ಷರ ಬಾರದ ಎಷ್ಟೋ ಮಂದಿ ಹೆಂಗಸರು ಈ ಗಣಿತವನ್ನು ಬೆರಳಿನಲ್ಲಿ ಇಟ್ಟುಕೊಂಡಿದ್ದರೆಂಬುದನ್ನು ನೆನೆದಾಗಲೆಲ್ಲ ನನಗೆ ಗೌರವ ಇಮ್ಮಡಿಯಾಗುತ್ತದೆ.

ಹೋಗಿ ಮರಳುವ ಈ ಹೊಲಿಗೆ ಯೂರೋಪಿಗೂ ಅಪರಿಚಿತವಲ್ಲ. ಹಾನ್ಸ್ ಹೋಲ್ಬೈನ್ 1536–37ರ ಸುಮಾರಿಗೆ ಬರೆದ ಇಂಗ್ಲೆಂಡಿನ ರಾಣಿ ಜೇನ್ ಸೀಮೋರಳ ಚಿತ್ರದಲ್ಲಿ ಆಕೆಯ ತೋಳಿನ ಅಂಚಿಗೆ ಕಪ್ಪು ರೇಷ್ಮೆಯ ಇಂತಹುದೇ ಕೆಲಸವಿದೆ. ಆ ಚಿತ್ರಕಾರನ ಹೆಸರೇ ಅಲ್ಲಿ ಆ ಹೊಲಿಗೆಗೆ ನಿಂತಿತು. ಅಂಚಿನ ಅಲಂಕಾರಕ್ಕಷ್ಟೇ ನಿಲ್ಲದೆ, ಭೂಮಿ, ಜಲ, ಅಗ್ನಿ, ವಾಯುಗಳೆಂಬ ಚತುರ್ಭೂತಗಳನ್ನು ವಿಷಯವಾಗಿಸಿಕೊಂಡ ಘನವಾದ ಕೃತಿಗಳೂ ಯೂರೋಪಿನ ಮಗ್ಗ, ಸೂಜಿಗಳಿಂದ ಹುಟ್ಟಿದವು. ಫ್ರಾನ್ಸಿನ ಹದಿನಾಲ್ಕನೆಯ ಲೂಯಿಗಾಗಿ ಶಾರ್ಲ್ ಲ ಬ್ರನ್ 1660ರ ದಶಕದಲ್ಲಿ ರಚಿಸಿದ ಚಿತ್ರಗಳನ್ನು ಅನುಸರಿಸಿ ಗೋಬ್ಲ್ಯಾಂ ಕಾರ್ಯಾಗಾರದಲ್ಲಿ ಭೂತಗಳ ಚಿತ್ರಪಟಗಳನ್ನು ನೇಯ್ದರು. 1680ರ ದಶಕದಲ್ಲಿ ಪ್ಯಾರಿಸ್ಸಿನ ಕ್ರೈಸ್ತ ಸನ್ಯಾಸಿನಿಯರ ಮಠವೊಂದರಲ್ಲಿ ಅದೇ ವಿಷಯವನ್ನು ಸೂಜಿಯಿಂದ ಭಿತ್ತಿಪಟಗಳ ಮೇಲೆ ಮೂಡಿಸಿದರು. ಅವುಗಳಲ್ಲಿ ಭೂತಗಳು ಪ್ರಭುವಿನ ವೈಭವಕ್ಕೆ ಪರಿಚರ್ಯೆ ಮಾಡುತ್ತವೆ.

ಭೂತಗಳು ನಾಲ್ಕೆಂಬ ಎಣಿಕೆ ಗ್ರೀಕರದಷ್ಟೇ ಅಲ್ಲ. ಬೌದ್ಧರ ಮಹಾಭೂತಗಳು ನಾಲ್ಕು, ಪ್ರತ್ಯಕ್ಷವನ್ನಲ್ಲದೆ ಬೇರೇನನ್ನೂ ಒಪ್ಪದ ಚಾರ್ವಾಕರಿಗೂ ನಾಲ್ಕೇ. ಉಳಿದವರಲ್ಲಿ ಹಲವರು ಆಕಾಶವನ್ನು ಕೂಡಿಸಿ ಐದೆಂದರು. ನಮ್ಮ ಕಸೂತಿಯವರು ಭೂತಗಳನ್ನು ಚಿತ್ರಿಸುವ ಸಂಕಲ್ಪ ಮಾಡಿದವರಲ್ಲ. ಅಂಗಳದಲ್ಲಿ, ದೇವರ ಮನೆಯಲ್ಲಿ, ಜಾತ್ರೆಯಲ್ಲಿ ಕಂಡುದನ್ನು ಸೆರಗಿಗೆ ತಂದವರು. ಆದರೂ ಆ ಚಿತ್ರಸಂಪತ್ತನ್ನು ಅವಲೋಕಿಸಿದರೆ, ಮಣ್ಣು ತುಂಬಿದ ತುಳಸಿಕಟ್ಟೆಯಲ್ಲಿ ಪೃಥ್ವಿಯೂ, ಕಮಲ ಶಂಖಗಳಲ್ಲಿ ಜಲವೂ, ದೀಪಗಳ ಸಾಲಿನಲ್ಲಿ ಅಗ್ನಿಯೂ, ಗಿಳಿಯ ರೆಕ್ಕೆಯಲ್ಲಿ, ತೂಗುವ ತೊಟ್ಟಿಲಿನಲ್ಲಿ ವಾಯುವೂ ತಾವಾಗಿ ಬಂದು ಕುಳಿತಿರುವಂತೆ ನನಗೆ ತೋರುತ್ತದೆ. ಮದುವಣಗಿತ್ತಿಗೆ ಕೊಡುತ್ತಿದ್ದ ಕಪ್ಪು ಚಂದ್ರಕಾಳಿ ಸೀರೆಯಲ್ಲಿ, ಚಿತ್ರಗಳ ನಡುವೆ ಸೂಜಿ ಮುಟ್ಟದೆ ಬಿಟ್ಟ ಕರಿಯ ವಿಸ್ತಾರವನ್ನು ಐದನೆಯದೆಂದು ಎಣಿಸಲು ನನಗೆ ಸಂಕೋಚವಿಲ್ಲ.

ಯಂತ್ರಗಳು ದುಡಿಯುವ ಬೆಂಗಳೂರಿನ ಹೊರವಲಯಕ್ಕೆ ಕಸೂತಿಯ ಈ ಪರಂಪರೆಯ ನೆಲವಾಗುವ ಯೋಗವಿರಲಿಲ್ಲ; ಅಲ್ಲಿನ ವಸಾಹತುಗಳು ಹುಟ್ಟಿದ್ದು ಬೇರೆ ಕಾರಣಗಳಿಗಾಗಿ. ವೈಟ್‌ಫೀಲ್ಡ್ 1882ರಲ್ಲಿ ಮೈಸೂರಿನ ಚಾಮರಾಜೇಂದ್ರ ಒಡೆಯರು ಆಂಗ್ಲೋ-ಇಂಡಿಯನ್ನರಿಗೆ ಕೊಟ್ಟ ಭೂಮಿಯಲ್ಲಿ ಹುಟ್ಟಿದ ವಸಾಹತು. ಎಲೆಕ್ಟ್ರಾನಿಕ್ ಸಿಟಿ 1970ರ ದಶಕದಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಗಳಲ್ಲಿ ಕಟ್ಟತೊಡಗಿದ್ದು. ಪೀಣ್ಯ ಬೆಳೆದುದೂ ಸರಿಸುಮಾರು ಅದೇ ಕಾಲದಲ್ಲಿ. ಸಿದ್ಧ ಉಡುಪಿನ ಅಂತರರಾಷ್ಟ್ರೀಯ ವ್ಯಾಪಾರವನ್ನು 1974ರಿಂದ 1994ರವರೆಗೆ ಕೋಟಾಗಳಲ್ಲಿ ಹಂಚಿದ ಬಹುತಂತು ಒಪ್ಪಂದದ ದಿನಗಳಲ್ಲಿಯೇ ಬೆಂಗಳೂರಿನ ಗಾರ್ಮೆಂಟ್ಸ್ ಉದ್ಯಮ ವಿಸ್ತರಿಸಿ, ತುಮಕೂರು, ಮಂಡ್ಯ, ರಾಮನಗರ ಸೀಮೆಗಳ ಹೆಣ್ಣುಮಕ್ಕಳನ್ನು ಕಾರ್ಖಾನೆಯ ಹೊಲಿಗೆಯ ಸಾಲುಗಳಿಗೆ ಕರೆತಂದಿತು. ಇವರ ಜೊತೆಗೆ ಉತ್ತರ ಕರ್ನಾಟಕದಿಂದ ಬಂದವರೂ ಉಂಟು. ಅಂತಹ ಮನೆಗಳಲ್ಲಿ ಅಜ್ಜಿಯ ಕೈಯ ಕಸೂತಿ ಇನ್ನೂ ಪೆಟ್ಟಿಗೆಯಲ್ಲಿರಬಹುದು; ಮೊಮ್ಮಗಳು ದಿನವಿಡೀ ಕಾಲರು ಜೋಡಿಸುತ್ತಿರುವಾಗ ಅದನ್ನು ಕಲಿಯಲು ಆಕೆಗೆ ಬಿಡುವು ಎಲ್ಲಿಯದು?

ಯಂತ್ರವನ್ನು ನಾನು ದೂಷಿಸಲಾರೆ. 1828ರಲ್ಲಿ ಜೊಸುವೆ ಹೈಲ್ಮನ್ ಕಂಡುಹಿಡಿದ ಕೈಯಂತ್ರದಿಂದ ಮೊದಲುಗೊಂಡು ಇಂದಿನವರೆಗೂ ಅದು ಸಾಮಾನ್ಯರ ಉಡುಪಿಗೆ ಅಲಂಕಾರವನ್ನು ಸುಲಭ ಬೆಲೆಗೆ ಒದಗಿಸಿದೆ. ಶಾಲೆಯ ಲಾಂಛನ, ಸಮವಸ್ತ್ರದ ಮೇಲಿನ ಹೆಸರು ಇವಕ್ಕೆ ಅದೇ ತಕ್ಕುದು. ನನ್ನ ಆಕ್ಷೇಪ ಹೆಸರಿನ ವಿಷಯದಲ್ಲಿ. ರಾಜ್ಯದ ಕರಕುಶಲ ಅಭಿವೃದ್ಧಿ ನಿಗಮದ ಮೂಲಕ ಕಸೂತಿಗೆ ಭೌಗೋಳಿಕ ಸೂಚಕದ ರಕ್ಷಣೆ ದೊರೆತಿರುವಾಗ, ಯಂತ್ರದ ಕೆಲಸವನ್ನು ಧಾರವಾಡದ ಹೆಸರಿನಲ್ಲಿ ಮಾರುವುದು, ದಿನಗಟ್ಟಲೆ ಎಳೆ ಎಣಿಸಿ ಕೂಲಿ ಬೇಡುವ ಹೆಂಗಸಿಗೆ ಮಾಡುವ ಅನ್ಯಾಯ. ಕೊಳ್ಳುವವರು ಸೆರಗನ್ನು ಮಗುಚಿ ನೋಡಲಿ. ಎರಡು ಮುಖಗಳೂ ಒಂದೇ ಆಗಿರುವ ಗವಂತಿ, ಮುರ್ಗಿಗಳಾದರೆ ಉತ್ತರ ಅಲ್ಲಿಯೇ ಸಿಗುತ್ತದೆ. ನೇಗಿ, ಮೆಂತಿಗಳಲ್ಲಿ ಕೈಕೆಲಸಕ್ಕೂ ಹಿಂಬದಿ ಬೇರೆಯಾಗಿಯೇ ಇರುವುದರಿಂದ, ಅಲ್ಲಿ ಇದು ಕೈಯದೋ ಯಂತ್ರದ್ದೋ ಎಂದು ಅಂಗಡಿಯವನನ್ನು ಬಾಯಿಬಿಟ್ಟು ಕೇಳಿ, ಅದನ್ನು ರಸೀದಿಯಲ್ಲಿ ಬರೆಸಿಕೊಳ್ಳಬೇಕು.