ಪಕ್ಷವಿಲ್ಲದ ವಿತ್ತಸಚಿವ: ಶುಂಪೀಟರ್ ಮತ್ತು 1919ರ ಆಸ್ಟ್ರಿಯಾ

ಹೊಸತನವನ್ನು ತರುವ ಉದ್ಯಮಿಯೇ ಬಂಡವಾಳಶಾಹಿಯ ಚಾಲಕಶಕ್ತಿಯೆಂದು 1911ರ ಗ್ರಂಥದಲ್ಲಿ ಪ್ರತಿಪಾದಿಸಿ, ಮುಂದೆ ಹಾರ್ವರ್ಡ್‌ನಲ್ಲಿ ಪ್ರಾಧ್ಯಾಪಕರಾಗಿ ಜಗತ್ಪ್ರಸಿದ್ಧರಾದ ಜೋಸೆಫ್ ಶುಂಪೀಟರ್ (1883–1950), 1919ರ ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ಆಸ್ಟ್ರಿಯಾದ ವಿತ್ತಸಚಿವರಾಗಿದ್ದರು. ಈ ಏಳು ತಿಂಗಳನ್ನು ವಿದ್ವಾಂಸನೊಬ್ಬ ದಾರಿ ತಪ್ಪಿದ ಪ್ರಸಂಗವೆಂದು ಬದಿಗಿಡುವುದು ಸುಲಭ. ಆದರೆ ಅದಕ್ಕೆ ಹಿಂದಿನ ವರ್ಷ ಅವರೇ ಪ್ರಕಟಿಸಿದ ‘ತೆರಿಗೆ ಪ್ರಭುತ್ವದ ಬಿಕ್ಕಟ್ಟು’ ಎಂಬ ಪ್ರಬಂಧದ ಜೊತೆಗಿಟ್ಟು ಓದಿದರೆ, ಸೋತದ್ದು ಅವರ ಲೆಕ್ಕಾಚಾರವಲ್ಲ, ಆ ಲೆಕ್ಕಾಚಾರವನ್ನು ಜಾರಿಗೆ ತರಬಲ್ಲ ರಾಜಕೀಯ ಬಲ ಅವರ ಬೆನ್ನಿಗಿರಲಿಲ್ಲ ಎಂಬುದು ಗೋಚರಿಸುತ್ತದೆ.

ಅರಸನು ತನ್ನ ಖಾಸಾ ಭೂಮಿಯ ಹುಟ್ಟುವಳಿಯಿಂದ ಆಡಳಿತ ನಡೆಸುತ್ತಿದ್ದ ವ್ಯವಸ್ಥೆ ಯುದ್ಧವೆಚ್ಚದ ಭಾರಕ್ಕೆ ಕುಸಿದು, ಪ್ರಜೆಗಳ ಖಾಸಗಿ ಆದಾಯದಲ್ಲಿ ಪಾಲು ಪಡೆದು ಬದುಕುವ ಆಧುನಿಕ ಪ್ರಭುತ್ವ ಹುಟ್ಟಿತೆಂಬುದು ಆ ಪ್ರಬಂಧದ ತಿರುಳು. ಇದನ್ನೇ ಅವರು ತೆರಿಗೆ ಪ್ರಭುತ್ವವೆಂದು ಕರೆದರು. ಮಹಾಯುದ್ಧದ ಸಾಲ ಈ ಪ್ರಭುತ್ವವನ್ನು ಮುರಿಯಬೇಕಾಗಿಲ್ಲ, ಆಸ್ತಿವಂತರ ಮೇಲೆ ಒಂದೇ ಬಾರಿ ಭಾರಿ ತೆರಿಗೆ ವಿಧಿಸಿ, ಬಂದ ಹಣವನ್ನು ಸಾಲ ತೀರಿಸುವುದಕ್ಕೇ ಬಳಸಿದರೆ ಅದು ಉಳಿದೀತು ಎಂಬುದು ಅವರ ವಾದವಾಗಿತ್ತು. ಈ ಕೆಲಸಕ್ಕೆ ಜನರ ವಿಶ್ವಾಸ ಗಳಿಸಿದ, ಇಚ್ಛಾಶಕ್ತಿಯೂ ಮಾತಿನ ಬಲವೂ ಉಳ್ಳ ಸಮರ್ಥ ವ್ಯಕ್ತಿ ಬೇಕೆಂದೂ ಅಲ್ಲಿ ಸೂಚಿಸಿದ್ದರು. ಬರೆಯುವಾಗ ಅವರ ಮನಸ್ಸಿನಲ್ಲಿ ಯಾರಿದ್ದರೆಂದು ಊಹಿಸುವುದು ಕಷ್ಟವಲ್ಲ.

ಅವರ ಗುರು ಬೋಮ್-ಬಾವರ್ಕ್ ಕೂಡ ಅರ್ಥಶಾಸ್ತ್ರಜ್ಞರಾಗಿದ್ದು, ಮೂರು ಬಾರಿ ಸಾಮ್ರಾಜ್ಯದ ವಿತ್ತಸಚಿವರಾಗಿದ್ದವರು. ಅವರ ಹಿಂದೆ ಚಕ್ರವರ್ತಿಯ ಅಧಿಕಾರ ಮತ್ತು ಬಲವಾದ ನೌಕರಶಾಹಿ ಇದ್ದವು. ಸಾಮ್ರಾಜ್ಯ ಒಡೆದು ಉಳಿದ ಪುಟ್ಟ ಗಣರಾಜ್ಯದಲ್ಲಿ ಶಿಷ್ಯನಿಗೆ ದೊರೆತದ್ದು ಸಮಾಜವಾದಿಗಳೂ ಕ್ರಿಶ್ಚಿಯನ್ ಸೋಷಿಯಲ್ ಪಕ್ಷದವರೂ ಸೇರಿ ಕಾರ್ಲ್ ರೆನ್ನರ್ ನಾಯಕತ್ವದಲ್ಲಿ ರಚಿಸಿದ್ದ ಸಮ್ಮಿಶ್ರ ಸರ್ಕಾರದ ಒಂದು ಕುರ್ಚಿ ಮಾತ್ರ, ಏಕೆಂದರೆ ಶುಂಪೀಟರ್ ಎರಡೂ ಪಕ್ಷಗಳಿಗೆ ಸೇರಿದವರಾಗಿರಲಿಲ್ಲ. ವಿಯೆನ್ನಾದ ಹೊಟ್ಟೆ ತುಂಬಿಸಲು ಆಹಾರಕ್ಕೆ ಸಹಾಯಧನ ಕೊಡಬೇಕಾಗಿತ್ತು, ಅದಕ್ಕೆ ನೋಟು ಮುದ್ರಿಸದೆ ಬೇರೆ ದಾರಿಯಿರಲಿಲ್ಲ. ಯುಗೊಸ್ಲಾವಿಯಾ, ಚೆಕೊಸ್ಲೊವಾಕಿಯಾಗಳು ತಮ್ಮಲ್ಲಿದ್ದ ಹಳೆಯ ಕ್ರೋನ್ ನೋಟುಗಳಿಗೆ ಮುದ್ರೆಯೊತ್ತಿ ಪ್ರತ್ಯೇಕ ನಾಣ್ಯವ್ಯವಸ್ಥೆ ಮಾಡಿಕೊಳ್ಳುತ್ತಿದ್ದುದರಿಂದ ಸಮಾನ ಚಲಾವಣೆಯ ವಲಯವೂ ಒಡೆದಿತ್ತು.

ಆಸ್ತಿ ತೆರಿಗೆ ಬೇಕೆಂಬುದರಲ್ಲಿ ಸಹಸಚಿವರಿಗೆ ಭಿನ್ನಾಭಿಪ್ರಾಯವಿರಲಿಲ್ಲ, ಉದ್ದೇಶದಲ್ಲಿತ್ತು. ಬೋಮ್-ಬಾವರ್ಕ್‌ರ ವಿಚಾರಗೋಷ್ಠಿಯಲ್ಲಿ ಶುಂಪೀಟರ್ ಜೊತೆಗೆ ಕುಳಿತಿದ್ದ ಒಟ್ಟೋ ಬಾವರ್ ಈಗ ವಿದೇಶಾಂಗ ಸಚಿವರಾಗಿ, ಆ ತೆರಿಗೆ ಉದ್ದಿಮೆಗಳನ್ನು ಸಮಾಜದ ಒಡೆತನಕ್ಕೆ ತರುವ ಸಾಧನವಾಗಬೇಕೆಂದೂ ದೇಶ ಜರ್ಮನಿಯಲ್ಲಿ ವಿಲೀನವಾಗಬೇಕೆಂದೂ ಬಯಸುತ್ತಿದ್ದರು. ಶುಂಪೀಟರ್ ಡ್ಯಾನ್ಯೂಬ್ ಕಣಿವೆಯ ನೆರೆರಾಷ್ಟ್ರಗಳೊಡನೆ ಆರ್ಥಿಕ ಸಂಬಂಧ ಉಳಿಸಿಕೊಳ್ಳುವುದನ್ನು ಬೆಂಬಲಿಸಿ, ವಿಲೀನವನ್ನು ಬಹಿರಂಗವಾಗಿಯೇ ವಿರೋಧಿಸಿದರು. ಆಲ್ಪೈನ್ ಮೊಂಟಾನ್ ಎಂಬ ದೊಡ್ಡ ಉಕ್ಕಿನ ಕಂಪನಿಯ ಷೇರುಗಳನ್ನು ರಿಚರ್ಡ್ ಕೋಲಾ ಎಂಬ ಬ್ಯಾಂಕರ್ ಇಟಲಿಯ ಹೂಡಿಕೆದಾರರಿಗಾಗಿ ಕೊಂಡಾಗ, ಸಚಿವರು ತಿಳಿದೂ ತಡೆಯಲಿಲ್ಲವೆಂದು, ಹೀಗೆ ಸಾಮಾಜೀಕರಣದ ಯೋಜನೆಯನ್ನೇ ಒಳಗಿಂದ ಕೆಡಿಸಿದರೆಂದು ಬಾವರ್ ಬಣ ಆರೋಪಿಸಿತು. ಶುಂಪೀಟರ್ ಇದನ್ನು ಅಲ್ಲಗಳೆದರು. ಅಷ್ಟರಲ್ಲಿ ಅವರನ್ನು ಸಮರ್ಥಿಸಿ ಮಾತನಾಡಬೇಕಾದ ಹಿತಾಸಕ್ತಿ ಎರಡು ಪಕ್ಷಗಳಲ್ಲಿ ಒಂದಕ್ಕೂ ಉಳಿದಿರಲಿಲ್ಲ. ಸೆಪ್ಟೆಂಬರ್ 10ರಂದು ಸಾಂ ಜರ್ಮೇನ್ ಒಪ್ಪಂದಕ್ಕೆ ಸಹಿ ಬಿದ್ದು, ಮರುತಿಂಗಳು ಸರ್ಕಾರ ಪುನಾರಚನೆಯಾದಾಗ ಅವರ ಹೆಸರು ಪಟ್ಟಿಯಲ್ಲಿರಲಿಲ್ಲ. ಅವರ ವಿತ್ತಯೋಜನೆ ಕಾಗದದಲ್ಲಿಯೇ ಉಳಿಯಿತು.

ನಂತರದ ಬದುಕು ಇಲ್ಲಿ ಸಂಕ್ಷಿಪ್ತವಾಗಿ ಸಾಕು: 1921ರಲ್ಲಿ ಬೀಡರ್‌ಮಾನ್ ಬ್ಯಾಂಕಿನ ಅಧ್ಯಕ್ಷತೆ, 1924ರ ಕುಸಿತದಲ್ಲಿ ಸಂಪತ್ತಿನ ನಾಶ ಮತ್ತು ವರ್ಷಗಟ್ಟಲೆ ತೀರಿಸಬೇಕಾದ ಸಾಲ, 1925ರಲ್ಲಿ ಬಾನ್ ವಿಶ್ವವಿದ್ಯಾಲಯ, 1932ರಲ್ಲಿ ಹಾರ್ವರ್ಡ್. ಹೆಚ್ಚು ಗಮನಾರ್ಹವಾದುದು ಅವರು ಬಿಟ್ಟುಹೋದ ಖಜಾನೆಯ ಕಥೆ. 1920ರಲ್ಲಿ ಆಸ್ತಿ ತೆರಿಗೆಯ ಕಾಯಿದೆ ಬಂದರೂ ವಸೂಲಿಯಾಗುವ ಹೊತ್ತಿಗೆ ಹಣದುಬ್ಬರ ಅದರ ಮೌಲ್ಯವನ್ನು ತಿಂದುಹಾಕಿತ್ತು. ಕೊನೆಗೆ ಕ್ರೋನ್ ಸ್ಥಿರಗೊಂಡದ್ದು, ಶುಂಪೀಟರ್ ಬಯಸಿದ್ದ ವಿದೇಶಿ ಸಾಲವನ್ನು 1922ರಲ್ಲಿ ಜಿನೀವಾದಲ್ಲಿ ರಾಷ್ಟ್ರಸಂಘದ ಮೂಲಕ ಪಡೆದು, ವೆಚ್ಚದ ಮೇಲೆ ವಿದೇಶಿ ಆಯುಕ್ತನ ಮೇಲ್ವಿಚಾರಣೆಯನ್ನೂ ಒಪ್ಪಿಕೊಂಡ ಇಗ್ನಾಝ್ ಸೈಪಲ್ ಅವರ ಕಾಲದಲ್ಲಿ. ಸೈಪಲ್ ಅರ್ಥಶಾಸ್ತ್ರಜ್ಞರಲ್ಲ, ಕ್ಯಾಥೊಲಿಕ್ ಪಾದ್ರಿ, ಜೊತೆಗೆ ಕ್ರಿಶ್ಚಿಯನ್ ಸೋಷಿಯಲ್ ಪಕ್ಷದ ಪ್ರಶ್ನಾತೀತ ನಾಯಕ.