ಉಸುಕಿನ ಮ್ಯಾಲಿನ ಮೊದಲ ವಾರ

ಜೂನ್ ಬಂತಂದ್ರ ಒಂದನೇತ್ತಾ ಹುಡುಗ್ರ ಮೊದಲನೇ ವಾರದ ಗದ್ದಲ ಎಲ್ಲರ ಮನ್ಯಾಗೂ ಇದ್ದದ್ದ. ಹೊಸ ಪಾಟಿಚೀಲ, ನೀರಿನ ಬಾಟ್ಲಿ, ಗೇಟಿನ ಮುಂದ ಅಳು. ಇನ್ನೂರು ವರ್ಷದ ಹಿಂದ ನಮ್ಮ ಬಳ್ಳಾರಿ ಸೀಮ್ಯಾಗ ಹೊಸದಾಗಿ ಸಾಲಿಗೆ ಹೋದ ಕೂಸಿನ ಮೊದಲ ದಿನಗಳು ಹ್ಯಾಂಗಿದ್ವು ಅಂತ ಬರದಿಟ್ಟದ್ದು ಅದ. ಬರದಾಂವ ಅಲ್ಲಿನ ಕಲೆಕ್ಟರ್ ಎ.ಡಿ. ಕ್ಯಾಂಬೆಲ್ ಸಾಹೇಬ.

ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯದಾಗಿತ್ತು. ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಎಲ್ಲಾ ಕಲೆಕ್ಟರಿಗೂ ನಿಮ್ಮ ಜಿಲ್ಲಾದಾಗ ಸಾಲಿ ಎಷ್ಟದಾವ, ಎಷ್ಟು ಹುಡುಗ್ರು ಕಲೀತಾರ ಅಂತ ಕೇಳಿದ. ಕ್ಯಾಂಬೆಲ್ ಬರೀ ಲೆಕ್ಕದ ಪಟ್ಟಿ ಕೊಟ್ಟು ಕೈ ತೊಳಕೊಳ್ಳಲಿಲ್ಲ, 1823ರ ಆಗಸ್ಟ್‌ನಾಗ ಉದ್ದಾನುದ್ದ ಪತ್ರ ಬರದ. ಧರ್ಮಪಾಲರು 1983ರಲ್ಲಿ ‘ದ ಬ್ಯೂಟಿಫುಲ್ ಟ್ರೀ’ ಪುಸ್ತಕದಾಗ ಈ ಕಾಗದಪತ್ರ ಎಲ್ಲಾ ಸೇರಿಸಿ ಅಚ್ಚು ಹಾಕಿಸಿದ್ದಕ್ಕ ನಮ್ಮಂಥೋರಿಗೂ ತಿಳೀತು.

ಆಗ ಕೂಸು ಸಾಲಿಗೆ ಹೋಗೂಕಿಂತ ಮೊದಲು ಸಾಲಿನ ಕೂಸಿನ ಮನಿಗೆ ಬರ್ತಿತ್ತು. ಐದು ವರ್ಷ ತುಂಬಿದ ಹುಡುಗನ ಮನಿಗೆ ಮಾಸ್ತರನ್ನೂ ಸಾಲಿ ಹುಡುಗರನ್ನೂ ಕರೀತಿದ್ರು. ಗಣಪ್ಪನ ಸುತ್ತ ಎಲ್ಲಾರೂ ಕೂಡೋರು, ಎದುರಿಗೆ ಹೊಸ ಹುಡುಗ, ಅವನ ಮಗ್ಗಲಕ್ಕ ಮಾಸ್ತರು. ಪೂಜಿ ಮುಗಿಸಿ, ಹುಡುಗನ ಕೈಹಿಡಿದು ಅಕ್ಕಿ ಮ್ಯಾಲ ದೇವರ ಹೆಸರು ಬರಸೋರು. ಸಾಲಿ ಅನ್ನೋದು ಮರುದಿನ ಮುಂಜಾನೆಗೆ. ಅಷ್ಟೊತ್ತಿಗೆ ಮಾಸ್ತರ ಮುಖ, ಜೊತೆಗಾರರ ಮುಖ ಎಲ್ಲಾ ಪರಿಚಯ ಆಗಿರ್ತಿತ್ತು. ಮೊದಲ ದಿನದ ಅಳು ಅರ್ಧ ಅಲ್ಲೇ ಕಡಿಮಿ ಆಗಿರಬೇಕು ಅಂತ ನನಗನಸ್ತದ.

ಸಾಲಿ ಶುರು ಆಗೋದು ಬೆಳಿಗ್ಗೆ ಆರಕ್ಕ. ಮೊದಲು ಬಂದವನ ಅಂಗೈ ಮ್ಯಾಲ ಸರಸ್ವತಿ ಹೆಸರು ಬರೀತಿದ್ರು. ಎರಡನೇದವನಿಗೆ ಸೊನ್ನಿ, ಅಂದ್ರ ಹೊಗಳಿಕೀನೂ ಇಲ್ಲ, ಬೈಗಳಾನೂ ಇಲ್ಲ. ಮೂರನೇದವನಿಗೆ ಮೆಲ್ಲಗ ಒಂದು ಏಟು, ನಾಕನೇದವನಿಗೆ ಎರಡು, ಹಿಂಗ ಏರಿಕೊಂತ ಹೋಗೋದು. ಹನ್ನೆರಡನೇದವ ಹತ್ತು ತಿಂತಿದ್ದ ನೋಡ್ರಿ! ಸೋಮಾರಿಗಳಿಗೆ ಬಸ್ಕಿ, ಇಲ್ಲಾ ಎರಡೂ ಕೈ ಕಟ್ಟಿ ಮಾಳಿಗಿಗೆ ತೂಗುಹಾಕೋದು. ಹಳೇ ಕಾಲ ಎಲ್ಲಾ ಛಲೋ ಇತ್ತು ಅನ್ನೋರು ಇದನ್ನ ಓದಬೇಕು.

ಆದ್ರ ಕಲಿಸೋ ರೀತಿ ಮಾತ್ರ ನನಗ ಭಾಳ ಹಿಡಿಸ್ತು. ಹೊಸ ಹುಡುಗನ ಮೊದಲನೇ ಕೆಲಸ ಅಕ್ಷರ ಒದರೋದಲ್ಲ, ನೆಲದ ಮ್ಯಾಲ ಉಸುಕು ಹರಡಿ ಬೆರಳಿಂದ ತಿದ್ದೋದು. ಬಿಳೇರ ದೇಶದಾಗ ಮೊದಲು ಬಾಯಿಂದ ಹೇಳಿಸ್ತಾರ, ಇಲ್ಲಿ ಬರದು ಕಲೀತಾರ ಅಂತ ಸಾಹೇಬ ಎತ್ತಿ ಹೇಳ್ಯಾನ. ಉಸುಕಿಗೆ ಖರ್ಚಿಲ್ಲ, ತಪ್ಪಾದ್ರ ಅಂಗೈ ಆಡಿಸಿದ್ರ ಮುಗೀತು. ಬೆರಳು ಪಳಗಿದ ಮ್ಯಾಲ ಹಲಗಿ ಸಿಗ್ತಿತ್ತು. ಒಂದಡಿ ಅಗಲ, ಮೂರಡಿ ಉದ್ದ, ಮ್ಯಾಲ ಅಕ್ಕಿ ಮತ್ತ ಇದ್ದಲಿ ಪುಡಿ ಸವರಿದ್ದು. ಅನ್ನದ ಗಂಜಿ ಹಚ್ಚಿ ಸೀರಿ ಖಡಕ್ ಮಾಡಿದವರಿಗೆ ಇದರ ಗುಟ್ಟು ಹೇಳಬೇಕಿಲ್ಲ, ಗಂಜಿ ಇದ್ದಲಿಯನ್ನ ಹಿಡಕೊಂತದ. ಇನ್ನೊಂದು ಕಡತ. ಬಟ್ಟಿಗೆ ಗಂಜಿ ಹಾಕಿ ಗಟ್ಟಿ ಮಾಡಿ, ಪುಸ್ತಕದಂಗ ಮಡಚಿ, ಇದ್ದಲಿ ಮತ್ತ ಅಂಟು ಬಳದದ್ದು. ಬಳಪದಿಂದ ಬರೀಬೇಕು, ಹಸಿ ಬಟ್ಟಿಲೆ ಒರಸಬೇಕು. ಇವತ್ತು ಕಚೇರಿಗೆ ಹೋದ್ರ ‘ನಿಮ್ಮ ಕಡತ ಮುಂದ ಹೋಗಿಲ್ಲ’ ಅಂತಾರಲ್ಲ, ಅದೇ ಕಡತ.

ಅಕ್ಷರ ಆದ ಮ್ಯಾಲ ಕಾಗುಣಿತ, ಆಮ್ಯಾಲ ಮಂದಿ ಹೆಸರು, ಊರ ಹೆಸರು, ಪ್ರಾಣಿ ಹೆಸರು, ಆಮ್ಯಾಲ ಅಂಕಿ. ದೊಡ್ಡ ಹುಡುಗ್ರು ಸಣ್ಣವರಿಗೆ ಹೇಳಿಕೊಡೋರು. ಈ ಪದ್ಧತಿ ಮೆಚ್ಚುವಂಥದ್ದು, ಇಂಗ್ಲೆಂಡಿನವರು ಇದನ್ನ ನೋಡಿ ಮಾಡಿದ್ದು ಸರಿನೇ ಅಂತ ಕ್ಯಾಂಬೆಲ್ ಬರದಾನ. ಅದೂ ಖರೆ. ಮದ್ರಾಸಿನ ಅನಾಥ ಹುಡುಗ್ರ ಸಾಲಿ ನೋಡಿಕೊಳ್ತಿದ್ದ ಆಂಡ್ರೂ ಬೆಲ್, ಇಲ್ಲಿನ ಮಕ್ಕಳು ಉಸುಕಿನ್ಯಾಗ ತಿದ್ದೋದು ಕಂಡು ತನ್ನ ಸಾಲ್ಯಾಗ ತಂದ, 1797ರಲ್ಲಿ ಲಂಡನ್ನಿನಾಗ ಅದರ ಬಗ್ಗೆ ಪುಸ್ತಕ ಮಾಡಿಸಿದ. ಅಲ್ಲಿನ ಬಡಮಕ್ಕಳ ಸಾಲಿಗಳಿಗೂ ಉಸುಕು ಬಂತು. ಈಗ ಪ್ಲೇಹೋಮಿನವರು ಬಣ್ಣದ ಟ್ರೇದಾಗ ಮರಳು ಹಾಕಿ ಹೊಸ ವಿಧಾನ ಅಂತ ತೋರಸ್ತಾರ, ಅದಕ್ಕೂ ಫೀಜು.

ಇನ್ನ ಲೆಕ್ಕ ಕೇಳ್ರಿ. ಇಡೀ ಜಿಲ್ಲಾಕ್ಕ 533 ಸಾಲಿ, ಅದರಾಗ ಕನ್ನಡದ್ದು 235, ತೆಲುಗಿಂದು 226. ಓದೋರು 6,641. ಹುಡುಗೇರು ಎಷ್ಟು ಗೊತ್ತದ? 60. ಸರಸ್ವತಿ ಹೆಸರು ಬರಿಸಿಕೊಂಡ ಅಂಗೈಗಳೆಲ್ಲಾ ಹೆಚ್ಚುಕಡಿಮಿ ಗಂಡುಹುಡುಗರವೇ. ದಿನಾ ಅಂಗಳದಾಗ ಎಳಿ ತಪ್ಪದಂಗ ರಂಗೋಲಿ ಹಾಕ್ತಿದ್ದ ಬೆರಳುಗಳಿಗೆ ಉಸುಕಿನ ಮ್ಯಾಲ ‘ಅ’ ತಿದ್ದೋದು ಏನು ಕಷ್ಟ ಇತ್ತು?

ಗಂಡುಹುಡುಗರದ್ದೂ ಪೂರ್ತಿ ಸುಖ ಇರಲಿಲ್ಲ. ಬಡತನಕ್ಕ ಅರ್ಧಕ್ಕೇ ಸಾಲಿ ಬಿಡಸ್ತಿದ್ರು. ಮೊದಲು ಸಾಲಿ ಇದ್ದ ಎಷ್ಟೋ ಹಳ್ಳಿಯಾಗ ಈಗ ಸಾಲಿನೇ ಇಲ್ಲ, ದೊಡ್ಡ ಸಾಲಿ ಇದ್ದಲ್ಲಿ ಉಳ್ಳವರ ನಾಕು ಮಕ್ಕಳು ಅಷ್ಟೇ ಕಲೀತಾರ ಅಂತ ಪತ್ರದಾಗದ. ಕಾರಣಾನೂ ಮುಚ್ಚಿಟ್ಟಿಲ್ಲ. ನಮ್ಮ ದೇಶದ ಬಟ್ಟಿ ಬಂದು ಇಲ್ಲಿನ ಹತ್ತಿ ಬಟ್ಟಿ ಮಾಡೋರ ದುಡಿಮಿ ಹೋತು, ದೇಶ ಬಡವಾತು, ಮಕ್ಕಳನ್ನ ಓದಸಾಕ ಜನರ ಕಡೆ ರೊಕ್ಕ ಇಲ್ಲ ಅಂತ ಕಂಪನಿಯ ಚಾಕರಿ ಮಾಡ್ತಿದ್ದ ಮನಿಷ್ಯಾನೇ ತನ್ನ ಮ್ಯಾಲಿನವರಿಗೆ ಬರದಾನ. ಆಳೋರ ಆಸರಾ ಇಲ್ಲದ ವಿದ್ಯಾ ಯಾವ ದೇಶದಾಗೂ ಬೆಳದಿಲ್ಲ ಅಂತನೂ ಅದೇ ಪತ್ರದಾಗ ತಿಳಿಸ್ಯಾನ.